ಒಂದೆಲಗ ತಿಂದ ನೊಣಗಳ ಪ್ರದರ್ಶನ

ನೊಣ ಸಾಕಿ ಹೆಸರು ಮಾಡಿದವರು ನಮ್ಮ ಸಾಗರದಲ್ಲಿ ಯಾರೂ ಇರಲಿಲ್ಲ. ಆ ಕೊರತೆಯನ್ನು ನಾನು ನೀಗಿಸಿದೆ!

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ತೀರ್ಥಹಳ್ಳಿಯ ನನ್ನ ಮಾವನಿಗೆ ಪಾರ್ಕಿನ್ಸನ್ ಕಾಯಿಲೆ ಶುರುವಾಗಿ, ಲೋಟ ಹಿಡಿದರೆ ಅರ್ಧ ಕಾಫಿ ಪಂಚೆಗೇ ಹೋಗತೊಡಗಿದಾಗ ಸುಮ್ಮನೆ ಕೂರಲು ಮನಸ್ಸಾಗಲಿಲ್ಲ. ಹೊಸನಗರದ ತವರಿನಿಂದ ಒಂದೆಲಗದ ಸೊಪ್ಪು ತರಿಸಿ, ಸಾರ ತೆಗೆದು, ಹಣ್ಣಿನ ನೊಣಗಳ ಮೇಲೆ ಪರೀಕ್ಷೆಗೆ ಇಳಿದೆ. ಗಾಜಿನ ಕೊಳವೆಯನ್ನು ಮೆಲ್ಲಗೆ ತಟ್ಟಿದರೆ ನೊಣಗಳು ತಳಕ್ಕೆ ಬೀಳುತ್ತವೆ. ಆರೋಗ್ಯವಾಗಿರುವವು ಸರಸರನೆ ಮೇಲೆ ಹತ್ತುತ್ತವೆ. ಕಾಯಿಲೆಯ ಲಕ್ಷಣ ತರಿಸುವ ವಿಷ ತಿಂದವು ತಳದಲ್ಲೇ ತಡವರಿಸುತ್ತವೆ. ವಿಷದ ಜೊತೆ ಒಂದೆಲಗವನ್ನೂ ತಿಂದ ನನ್ನ ನೊಣಗಳು ಹತ್ತತೊಡಗಿದವು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾವನನ್ನೂ ಯಜಮಾನರನ್ನೂ ಪ್ರಯೋಗಾಲಯಕ್ಕೆ ಕರೆಸಿದೆ. ಪ್ರಾಂಶುಪಾಲರೂ ಬಂದರು. "ಈ ಮಹತ್ವದ ಸಂದರ್ಭದಲ್ಲಿ..." ಎಂದು ಭಾಷಣ ಬಿಗಿದು ಕೊಳವೆ ತಟ್ಟಿದೆ. ಬಸ್ ಬಂತೆಂದು ಓಡುವವರಂತೆ ನೊಣಗಳು ಏರಿದವು! ಚಪ್ಪಾಳೆ! ಉತ್ಸಾಹ ತಡೆಯದೆ ಇನ್ನೊಮ್ಮೆ, ಜೋರಾಗಿಯೇ ತಟ್ಟಿದೆ. ಹತ್ತಿಯ ಬಿರಡೆ ಹಾರಿತು. ಹಿಂದೆಯೇ ನೊಣಗಳೂ ಹಾರಿದವು. ಕೆಲವು ಪ್ರಾಂಶುಪಾಲರ ತಲೆಯ ಮೇಲೆ ಕುಳಿತವು. ಉಳಿದವು ಕಿಟಕಿ ದಾಟಿ ಕ್ಯಾಂಟೀನ್ ಕಡೆ ಹೊರಟವು.

"ಎಂತಾ ಔಷಧಿ ಮಾರಾಯ್ತಿ! ನಂಗೂ ಒಂದ್ ಲೋಟ ಕೊಡು" ಎಂದರು ಮಾವ.

"ಅಯ್ಯೋ, ಬೇಡ ಮಾವ! ಇದು ಇನ್ನೂ ನೊಣಕ್ಕಷ್ಟೇ ಕೊಟ್ಟು ನೋಡಿರೋದು. ನೀವು ಡಾಕ್ಟರ್ ಕೊಟ್ಟ ಮಾತ್ರೆನೇ ತಗೊಳ್ಳಿ."

ಅಷ್ಟರಲ್ಲಿ ಯಜಮಾನರು ಮೇಜಿನ ಮೇಲಿದ್ದ ಇನ್ನೊಂದು ಕೊಳವೆ ಎತ್ತಿ ಹಿಡಿದರು. "ಅಲ್ವೇ, ಒಂದೆಲಗ ಅಂತ ಇದ್ರ ಮೇಲೆ ಬರ್ದಿದ್ಯಲ್ಲ?"

ಹೌದು! ಹೋಲಿಸಿ ನೋಡಲೆಂದು ಇಟ್ಟಿದ್ದ, ವಿಷವನ್ನೂ ಔಷಧಿಯನ್ನೂ ಮುಟ್ಟದ ಗಟ್ಟಿಮುಟ್ಟು ನೊಣಗಳನ್ನು ತೋರಿಸಿ ನಾನು ಭಾಷಣ ಮಾಡಿದ್ದೆ!

ಬೆವರು ಒರೆಸಿಕೊಂಡು ಸರಿಯಾದ ಕೊಳವೆ ತಟ್ಟಿದೆ. ನೊಣಗಳು ಏಳುತ್ತ ಬೀಳುತ್ತ ಏರಿ ಅರ್ಧದಲ್ಲಿ ನಿಂತವು. ಪಕ್ಕದ ಕೊಳವೆಯಲ್ಲಿ, ಬರೀ ವಿಷ ತಿಂದವು ತಳ ಬಿಟ್ಟು ಏಳಲೇ ಇಲ್ಲ. ಮಾವ ಕನ್ನಡಕ ಸರಿಮಾಡಿಕೊಂಡು ಎರಡನ್ನೂ ತುಂಬ ಹೊತ್ತು ನೋಡಿದರು.

"ಅರ್ಧ ಹತ್ತಿದ್ವಲ್ಲೇ! ಅದೇನ್ ಸಣ್ಣದಾ?" ಎಂದು ನಡುಗುವ ಕೈಗಳಲ್ಲೇ ಚಪ್ಪಾಳೆ ತಟ್ಟಿದರು. ಪ್ರಾಂಶುಪಾಲರೂ ತಲೆ ಕೊಡವಿಕೊಂಡು ಸೇರಿಕೊಂಡರು. ನನಗೆ ಕಣ್ಣು ತುಂಬಿ ಬಂತು. ಹೆಮ್ಮೆಯಿಂದಲೇ!

ಮರುದಿನ ವಿಜ್ಞಾನಿಯ ಗತ್ತಿನಲ್ಲಿ ಕ್ಯಾಂಟೀನಿಗೆ ಕಾಲಿಟ್ಟೆ. ನನ್ನನ್ನು ಕಂಡದ್ದೇ ತಡ, ಕ್ಯಾಂಟೀನಿನವರು ಓಡಿಹೋಗಿ ಬಾಳೆಗೊನೆಗೆ ಬಟ್ಟೆ ಮುಚ್ಚಿದರು!