ಗುಂಯ್ ನಿಂತ ಮಧ್ಯಾಹ್ನ

ಒಂದೇ ಸ್ವರವನ್ನು ಇಪ್ಪತ್ತು ನಿಮಿಷ ಎಳೆದು ಲೋಕವನ್ನೇ ಮಂತ್ರಮುಗ್ಧಗೊಳಿಸುತ್ತೇನೆ ಎಂದು ಪಣ ತೊಟ್ಟು ಮೂರು ವರ್ಷವಾಗಿತ್ತು. ಇದಕ್ಕೆ ಡ್ರೋನ್ ಸಂಗೀತ ಎನ್ನುತ್ತಾರೆ. ತಾಳವಿಲ್ಲ, ಹಾಡಿಲ್ಲ, ಎಲೆಕ್ಟ್ರಾನಿಕ್ ಯಂತ್ರವೊಂದು ಗುಂಯ್ ಎನ್ನುತ್ತಲೇ ಇರುತ್ತದೆ. ಆ ನಾದವನ್ನು ಕೋಣೆಯ ಗಾಳಿಯ ಸಮೇತ ಮೈಕಿನಲ್ಲಿ ಹಿಡಿಯಬೇಕೆಂಬುದು ನನ್ನ ಮಹಾಸಿದ್ಧಾಂತ. ಚೊಚ್ಚಲ ಆಲ್ಬಮ್ಮಿನ ಏಳು ಭಾಗ ಮುಗಿದಿದ್ದವು. ಎಂಟನೆಯದು ಅಂದು ಸಂಜೆ ಐದರೊಳಗೆ ಕೈಸೇರದಿದ್ದರೆ ಆಲ್ಬಮ್ಮೇ ರದ್ದು ಎಂದು ಪ್ರಕಾಶಕರು ಹೇಳಿಬಿಟ್ಟಿದ್ದರು.

ಮಧ್ಯಾಹ್ನ ಯಂತ್ರ ಹಚ್ಚಿದೆ. ಸ್ವರ ಬಂತು, ಜೀವ ಬರಲಿಲ್ಲ. ಏಳೂ ಭಾಗಗಳ ತಳದಲ್ಲಿ ತುಂಬಿಕೊಂಡಿದ್ದ, ನನ್ನ ಸಾಧನೆಯೆಂದು ನಾನು ಬೀಗುತ್ತಿದ್ದ ಆ ಗಂಭೀರ ನಾದ ನಾಪತ್ತೆ! ವೈರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದೆ. ಮೈಕು ಒರೆಸಿದೆ. ಸುಸ್ತಾಗಿ, ನೀರು ಕುಡಿಯೋಣವೆಂದು ಗೋಡೆಯಾಚೆಯ ಅಡುಗೆಮನೆಗೆ ಹೋದರೆ, ಫ್ರಿಜ್ಜಿನ ಹಿಂದಿನಿಂದ ಮೆಕ್ಯಾನಿಕ್ ಎದ್ದು ಬಂದ.

"ಮೂರು ವರ್ಷದಿಂದ ಗುಂಯ್ ಅಂತಿತ್ತಲ್ಲ, ಇವತ್ತು ಸರಿ ಮಾಡಿಸ್ದೆ" ಎಂದಳು ಹೆಂಡತಿ.

ನನ್ನ ಮೈಕು ಇದ್ದದ್ದು ಅದೇ ಗೋಡೆಗೆ ಒರಗಿ. ಮೂರು ವರ್ಷ ನಾನು ಶ್ರುತಿ ಸೇರಿಸಿದ್ದು ಫ್ರಿಜ್ಜಿಗೆ.

"ಅಣ್ಣಾ, ಒಂದು ಗಂಟೆ ಅದನ್ನ ಮೊದಲಿನ ಹಾಗೇ ಮಾಡಿಕೊಡಿ" ಎಂದು ಕೈಮುಗಿದೆ.

"ಕಂಪ್ರೆಸರ್ ಕೆಳಗಿನ ರಬ್ಬರ್ ಸವೆದಿತ್ತು, ಹೊಸದು ಹಾಕಿದೀನಿ ಸರ್. ಸರಿಯಾಗಿರೋದನ್ನ ಕೆಡಿಸಿಕೊಡಿ ಅಂತ ಇದುವರೆಗೂ ಯಾರೂ ಕೇಳಿಲ್ಲ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಮೇಡಂ, ಸಾಹೇಬ್ರಿಗೆ ಸ್ವಲ್ಪ ರೆಸ್ಟ್ ಬೇಕು ಅನ್ಸುತ್ತೆ" ಎಂದು ಹೊರಟೇಹೋದ.

ಕಸದ ಬುಟ್ಟಿಯಿಂದ ಹಳೆಯ ರಬ್ಬರ್ ಆಯ್ದು ನಾನೇ ಜೋಡಿಸಿದೆ. ಫ್ರಿಜ್ಜು ಗುಂಯ್ ಅನ್ನಲಿಲ್ಲ. ತಣ್ಣಗಾಗುವುದನ್ನೂ ನಿಲ್ಲಿಸಿತು. ಹೆಂಡತಿ ನೆಲದಲ್ಲಿ ಹರಿಯುತ್ತಿದ್ದ ನೀರನ್ನು ನೋಡಿದಳು, ನನ್ನನ್ನು ನೋಡಿದಳು, ಬಟ್ಟೆ ತರಲು ಹೋದಳು.

ಗಂಟೆ ನಾಲ್ಕೂವರೆ. ಅಳು ಬರುವಂತಾಗಿತ್ತು. ಕಣ್ಣುಮುಚ್ಚಿ ಕೂತು ಬರೀ ಯಂತ್ರದ ಸಪ್ಪೆ ಸ್ವರವನ್ನೇ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿದೆ. ನಡುವೆ ಹೆಂಡತಿ ಬಂದು ಬೆನ್ನ ಹಿಂದಿನ ಸ್ಟೂಲಿನ ಮೇಲೆ ಕೂತಂತಾಯಿತು. ತಿರುಗಿ ನೋಡುವಷ್ಟು ಪುರುಸೊತ್ತಿರಲಿಲ್ಲ. ಕೇಳಿಯೂ ನೋಡದೆ ಕಳಿಸಿಬಿಟ್ಟೆ.

ಮರುದಿನ ಪ್ರಕಾಶಕರ ಫೋನು. "ಎಂಟನೇ ಭಾಗದಲ್ಲಿ, ಹತ್ತೊಂಬತ್ತನೇ ನಿಮಿಷಕ್ಕೆ ಒಂದು ನಿಟ್ಟುಸಿರು ಬರುತ್ತಲ್ಲ, ಅದ್ಯಾವ ಯಂತ್ರ ಸರ್? ಮೈ ಜುಮ್ಮೆಂತು. ಮಿಕ್ಕ ಏಳು ಭಾಗ ನಮ್ಮನೆ ಫ್ರಿಜ್ ಥರ ಇದೆ. ಅದೊಂದಕ್ಕೋಸ್ಕರ ಆಲ್ಬಂ ತರ್ತಿದೀವಿ."

ಹಾಕಿ ಕೇಳಿದೆ. ಹತ್ತೊಂಬತ್ತನೇ ನಿಮಿಷಕ್ಕೆ ಸ್ಪಷ್ಟವಾಗಿ, "ಉಸ್ಸಪ್ಪಾ..."

ಅಡುಗೆಮನೆಯಲ್ಲಿ ಹೆಂಡತಿ ಇನ್ನೂ ನೆಲ ಒರೆಸುತ್ತಿದ್ದಳು. ಮೆಲ್ಲಗೆ ಕೇಳಿದೆ: "ಎರಡನೇ ಆಲ್ಬಮ್ಮಿಗೂ ಹಾಗೇ ಒಂದು ಉಸಿರು ಬಿಡ್ತೀಯಾ?"

ಅವಳು ಬಟ್ಟೆ ಹಿಂಡುತ್ತಾ ಅಂದಳು: "ಕೇಳಿದ ತಕ್ಷಣ ಬರೋದಲ್ಲ ರೀ ಅದು. ನಿಮ್ಮ ಜೊತೆ ಹದಿನಾಲ್ಕು ವರ್ಷ ಸಂಸಾರ ಮಾಡಬೇಕು."