ಕಲ್ಲಿನ ಹಕ್ಕಿ, ಕವಣೆ ಮತ್ತು ಖಾದರ್‌ಸಾಬನ ಬಲಗಣ್ಣು

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಕರಜಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಟಿ.ವಿ.ಗೆ ಮುಖ ಮಾಡಿ, ಅದರಿಂದ ಆರು ಹೆಜ್ಜೆ ಹಿಂದೆ ನಿಂತಿದ್ದೆ. ಎಡಗಾಲು ಮುಂದಿತ್ತು. ಎಡಕ್ಕೆ ಕಂಬ, ಬಲಕ್ಕೆ ಕುರ್ಚಿ, ಕುರ್ಚಿಯಲ್ಲಿ ನನ್ನ ಬಾಲ್ಯದ ಗೆಳೆಯ ಖಾದರ್‌ಸಾಬ್. ಇಷ್ಟನ್ನು ಮೊದಲೇ ಬರೆದಿಡುತ್ತೇನೆ. ಏಕೆಂದರೆ ಊರಲ್ಲಿ ಈಗ ಓಡಾಡುತ್ತಿರುವ ಕಥೆಯಲ್ಲಿ ನಾನು ಮೇಜಿನ ಮೇಲೆ ಹತ್ತಿ ಕುಣಿಯುತ್ತಿದ್ದೆನಂತೆ. ಶುದ್ಧ ಸುಳ್ಳು. ನಮ್ಮ ಮನೆಯಲ್ಲಿ ಮೇಜೇ ಇಲ್ಲ!

ಖಾದರ್‌ಸಾಬ್ ನಮ್ಮೂರಿನ ದರ್ಜಿ. ಅವನ ಎಡಗಣ್ಣು ಹುಡುಗನಿದ್ದಾಗಲೇ ಜೋಳದ ದಂಟಿನ ಚೂಪು ತಾಗಿ ಹೋಗಿತ್ತು. ಉಳಿದ ಬಲಗಣ್ಣಿಗೂ ಪೊರೆ ಬಂದು ಎರಡು ವರ್ಷ ಸೂಜಿಗೆ ದಾರ ಪೋಣಿಸಲಾಗದೆ ಕುಳಿತಿದ್ದ. ಆ ಭಾನುವಾರಕ್ಕೆ ಒಂಬತ್ತು ದಿನ ಮೊದಲು ಜೇವರ್ಗಿಯಲ್ಲಿ ಅದಕ್ಕೆ ಆಪರೇಷನ್ ಆಗಿತ್ತು. ಕರೆದುಕೊಂಡು ಹೋದವನು ನಾನೇ. ಅಲ್ಲಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಒಂದು ತಿಂಗಳು ಕರೀ ಚಷ್ಮಾ ತೆಗಿಯಬಾರದು, ಕಣ್ಣಿಗಿ ಏನೂ ತಾಗಬಾರದು. ನೀವು ಜವಾಬ್ದಾರಿ ಮನುಷ್ಯರು ಕಾಣ್ತೀರಿ, ಅದಕ್ಕೇ ನಿಮಗ ಹೇಳಾಕತ್ತೇನಿ” ಎಂದಿದ್ದರು. ಕಣ್ಣಿನ ತಜ್ಞರಿಗೂ ಒಮ್ಮೊಮ್ಮೆ ಕಾಣುವುದು ತಪ್ಪುತ್ತದೆ.

ಈಗ ಆಟದ ವಿಷಯ. ನನ್ನ ಮಗಳು ಭಾಗ್ಯಾ ಆಳಂದದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಎರಡು ದಿನದ ರಜೆಗೆ ಬರುವಾಗ ಟಿ.ವಿ.ಗೆ ಜೋಡಿಸುವ ಒಂದು ವಿಡಿಯೋ ಗೇಮಿನ ಪೆಟ್ಟಿಗೆ ತಂದಿದ್ದಳು. ಅದರ ರಿಮೋಟ್ ಕೈಯಲ್ಲಿ ಹಿಡಿದು ನಾವು ಕೈ ಬೀಸಿದರೆ ಪರದೆಯ ಮೇಲಿನ ವೀರನೂ ಬೀಸುತ್ತಾನೆ. ರಾಕ್ಷಸರಿದ್ದಾರೆ, ಮಂತ್ರದ ಕಾಡಿದೆ, ಮಾತಾಡುವ ನದಿಯಿದೆ. ಕೊನೆಗೆ ಒಂದು ಕಲ್ಲಿನ ಹಕ್ಕಿ. ಅದು ಸಾಯುವುದು ಕಣ್ಣಿಗೆ ಕವಣೆಕಲ್ಲು ಬಿದ್ದಾಗ ಮಾತ್ರ.

ಕವಣೆ! ನಾನು ಹನ್ನೆರಡು ವರ್ಷದವನಿದ್ದಾಗ ಜೋಳದ ಹೊಲದ ಮಂಚಿಕೆಯ ಮೇಲೆ ನಿಂತು ಹಕ್ಕಿ ಕಾದವನು. ಕಲ್ಲು ಆರಿಸಿ ಕೊಡುತ್ತಿದ್ದವನು ಇದೇ ಖಾದರ್. ನನ್ನ ಕವಣೆಯ ಸದ್ದಿಗೆ ಪಕ್ಕದ ಹೊಲದ ಗಿಳಿಗಳೂ ಏಳುತ್ತಿದ್ದವು. ಆಳಂದದಿಂದ ಬಂದ ಮಗಳಿಗೂ ಕೊಲ್ಲಲಾಗದ ಹಕ್ಕಿಯನ್ನು ನಾನು ಕೊಂದು ತೋರಿಸುವೆನೆಂದು ತೀರ್ಮಾನಿಸಿ, ಸಾಕ್ಷಿಗೆಂದು ಖಾದರ್‌ಸಾಬನನ್ನು ಕರೆಸಿದೆ. ಮೊದಲನೆಯ ತಪ್ಪು.

ಭಾಗ್ಯಾ ಅವನನ್ನು ಹಿಂದೆ, ಗೋಡೆಯ ಹತ್ತಿರ ಕೂರಿಸಿದಳು. “ಕಾಕಾ, ಇಲ್ಲೇ ಕೂಡ್ರಿ. ಅಪ್ಪನ ಕೈ ಸುಮ್ಮ ಇರಂಗಿಲ್ಲ.” ನನ್ನ ಕೈಗೆ ರಿಮೋಟ್ ಕೊಟ್ಟು, ಅದರ ದಾರದ ಉಂಗುರವನ್ನು ಮಣಿಕಟ್ಟಿಗೆ ಬಿಗಿದಳು. “ಈ ದಾರ ಬಿಚ್ಚಬ್ಯಾಡ ಅಪ್ಪಾ. ಗುಂಡಿ ಒತ್ತಿ ಹಿಡಿ, ಕೈ ಗರಗರ ತಿರುಗ್ಸು, ಆಮ್ಯಾಲ ಗುಂಡಿ ಬಿಡು. ಗುಂಡಿ ಅಷ್ಟೇ ಬಿಡು!” ಎಂದು ಹೇಳಿ ಮಜ್ಜಿಗೆ ತರಲು ಒಳಗೆ ಹೋದಳು.

ನಾನು ನಾಲ್ಕು ಸಲ ಸತ್ತೆ. ಹಕ್ಕಿ ನಾಲ್ಕು ಸಲವೂ ನಮ್ಮ ವೀರನನ್ನು ಕೊಕ್ಕಿನಲ್ಲಿ ಎತ್ತಿ ಕಣಿವೆಗೆ ಒಗೆಯಿತು.

“ಲೇ ಶರಣ್ಯಾ, ಏನಾತಲೇ? ನನಗ ಬರೇ ಕತ್ತಲಿ ಕಾಣ್ತದ,” ಎಂದು ಖಾದರ್ ನನ್ನನ್ನು ಕೇಳಿದ.

“ಆ ಕರೀ ಚಷ್ಮಾದಾಗ ಏನ್ ಕಾಣಬೇಕು? ಒಂದೇ ನಿಮಿಷ ತೆಗಿ. ಇತ್ಲಾಗ ಬಾ, ಹತ್ರ,” ಎಂದೆ. ಕುರ್ಚಿಯನ್ನು ನಾನೇ ಎಳೆದು ನನ್ನ ಬಲಕ್ಕೆ, ಎರಡು ಮಾರು ದೂರದಲ್ಲಿ ಹಾಕಿದೆ. ಚಷ್ಮಾವನ್ನೂ ನಾನೇ ತೆಗೆದು ಅವನ ಜೇಬಿಗೆ ಇಟ್ಟೆ. ಇವು ಎರಡನೆಯ ಮತ್ತು ಮೂರನೆಯ ತಪ್ಪು. ಯಾರ ಒತ್ತಾಯವೂ ಇರಲಿಲ್ಲ.

ಬರಿಗಣ್ಣಿನಿಂದ ನೋಡಿದ ಖಾದರ್‌ಸಾಬನಿಗೆ ಹುರುಪು ಬಂತು. “ಅರೇ, ಎಂಥಾ ಬಣ್ಣಲೇ! ಆ ಹಕ್ಕಿ ರೆಕ್ಕಿ ನೋಡು, ಜರಿ ಹಚ್ಚಿದಂಗ ಅದ. ಆದ್ರ ನೀ ಹಂಗ್ಯಾಕ ತಿರುಗ್ಸಾಕತ್ತಿ? ಮೊಸರು ಕಡೀತಿಯೇನು? ಕವಣಿ ಹಿಡಿಯೋದು ಮರ್ತಿ?”

ಅಭಿಮಾನಕ್ಕೆ ಪೆಟ್ಟು ಬಿತ್ತು. ಯೋಚಿಸಿ ನೋಡಿದೆ. ಅವನು ಹೇಳಿದ್ದು ಸರಿಯೇ! ಕೈಗೆ ಕಟ್ಟಿಹಾಕಿದ್ದು ಕವಣೆ ಹೇಗಾದೀತು? ಕವಣೆಯ ಜೀವವೇ ಬಿಡುವುದರಲ್ಲಿದೆ. ದಾರವನ್ನು ಮಣಿಕಟ್ಟಿನಿಂದ ಬಿಚ್ಚಿದೆ. ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ರಿಮೋಟನ್ನು ಕಲ್ಲಿನಂತೆ ಇಳಿಬಿಟ್ಟು, ತಲೆಯ ಮೇಲೆ ತಿರುಗಿಸತೊಡಗಿದೆ. ಭರ್ರ್ ಎಂದು ಹಳೆಯ ಸದ್ದು ಬಂತು. ಪರದೆಯ ವೀರ ತಲೆ ಕೆಟ್ಟವನಂತೆ ತಿರುಗಿದ. ಹಕ್ಕಿ ಕೂಡ ಅರೆಕ್ಷಣ ನಿಂತು ನೋಡಿತು.

“ಹಾಂ, ಹಂಗ!” ಖಾದರ್ ಕುರ್ಚಿಯಿಂದ ಅರ್ಧ ಎದ್ದ. “ಕಣ್ಣಿಗಿ ಹೊಡಿಲೇ! ಕಣ್ಣಿಗೇ ಹೊಡಿ! ಬಿಡು!”

ಬಿಟ್ಟೆ.

ಕವಣೆಯಲ್ಲಿ ಕಲ್ಲು ಹೋಗುತ್ತದೆ, ಹಗ್ಗ ಕೈಯಲ್ಲಿ ಉಳಿಯುತ್ತದೆ. ಇಲ್ಲಿ ಎಲ್ಲವೂ ಹೋಯಿತು. ಅದೂ ತೋಳಿನಲ್ಲಿ ಉಳಿದಿದ್ದ ಐವತ್ತು ವರ್ಷ ಹಳೆಯ ಅಂದಾಜು ಅರ್ಧ ಸುತ್ತು ತಪ್ಪಿ, ಟಿ.ವಿ.ಯ ಕಡೆಗಲ್ಲ, ಬಲಕ್ಕೆ.

ಸದ್ದು ಸಣ್ಣದು. ಅಡಿಕೆ ಒಡೆದಷ್ಟು. ಖಾದರ್‌ಸಾಬ್ ಬಲಗಣ್ಣಿನ ಮೇಲೆ ಎರಡೂ ಕೈ ಇಟ್ಟುಕೊಂಡು ಮೆಲ್ಲಗೆ ಕುಳಿತ. ಕೂಗಲಿಲ್ಲ. “ಯಾ ಅಲ್ಲಾ” ಎಂದ, ಅಷ್ಟೇ. ಅಡುಗೆಮನೆಯ ಬಾಗಿಲಲ್ಲಿ ಭಾಗ್ಯಾ ಮಜ್ಜಿಗೆ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಅವಳ ಹಿಂದೆ ನನ್ನ ಹೆಂಡತಿ ನೀಲಮ್ಮ, ಕೈತುಂಬ ರೊಟ್ಟಿಯ ಹಿಟ್ಟು. ಟಿ.ವಿ.ಯಲ್ಲಿ ನಮ್ಮ ವೀರ ಐದನೆಯ ಸಲ ಕಣಿವೆಗೆ ಬಿದ್ದ. ಯಾರೂ ಅತ್ತ ನೋಡಲಿಲ್ಲ.

“ಖಾದರ್, ಕೈ ತೆಗಿ. ನೋಡೋಣು,” ಎಂದೆ.

“ತೆಗಿಯಂಗಿಲ್ಲ.”

“ಕಣ್ಣರೆ ತೆಗದು ನೋಡು ಅಣ್ಣಾ,” ಎಂದಳು ನೀಲಮ್ಮ.

“ಬ್ಯಾಡ ವೈನಿ. ತೆಗದಾಗ ಏನೂ ಕಾಣಲಿಲ್ಲಂದ್ರ? ಮುಚ್ಚಿದ್ರ ಇನ್ನಾ ಅದ ಅಂತ ಅಂದ್ಕೋಬಹುದು.”

ನೀಲಮ್ಮ ನನ್ನತ್ತ ತಿರುಗಿದಳು. “ಅಲ್ರೀ, ಒಂದು ಕಣ್ಣಿನ ಮನಷ್ಯಾನ ಮುಂದ ಕವಣಿ ಬೀಸ್ತೀರಿ! ನಿಮಗ ಎರಡು ಇದ್ದೂ ಏನ್ ಉಪಯೋಗ?”

ನಾನು ಟವೆಲ್ ತಂದು ಖಾದರ್‌ಸಾಬನ ಕೈಗಿಟ್ಟೆ; ಅವನು ಅದನ್ನು ಕಣ್ಣಿಗೆ ಒತ್ತಿಕೊಂಡ.

ಭಾಗ್ಯಾ ತನ್ನ ಕಾರಿನಲ್ಲಿ ನಮ್ಮನ್ನು ಅಫಜಲಪುರಕ್ಕೆ ಕರೆದೊಯ್ದಳು. ನೀಲಮ್ಮ ಮುಂದೆ, ನಾವಿಬ್ಬರು ಹಿಂದೆ. ದಾರಿಯಲ್ಲಿ ನಾನು ಒಂದೇ ಮಾತಾಡಿದೆ: “ನೋಯಾಕತ್ತದೇನು?” ಅವನು ಟವೆಲ್ಲಿನ ಒಳಗಿಂದ, “ನೋವಿಂದೇನಲೇ. ನಾಡಿದ್ದು ಮೆಷಿನ್ನಿಗಿ ಎಣ್ಣಿ ಬಿಡೋಣು ಅಂತ ಮಾಡಿದ್ದೆ,” ಎಂದ. ಎರಡೂ ಬದಿಗೆ ಕಬ್ಬು ನಿಂತಿತ್ತು. ನಾನು ಕಬ್ಬನ್ನು ನೋಡುತ್ತ ಅತ್ತೆ. ಅವನಿಗೆ ಕಾಣಲಿಲ್ಲವೆಂದು ನೆಮ್ಮದಿಯಾಯಿತು. ಆ ನೆಮ್ಮದಿಗೆ ನಾಚಿಕೆಯಾಗಿ ಮತ್ತೆ ಅತ್ತೆ.

ಅಲ್ಲಿಯ ಕಣ್ಣಿನ ದವಾಖಾನೆ ಭಾನುವಾರವೆಂದು ಮುಚ್ಚಿತ್ತು. ಡಾಕ್ಟರು ಊಟದ ಕೈ ತೊಳೆದುಕೊಂಡು ಮಹಡಿಯಿಂದ ಇಳಿದು ಬಂದರು.

“ಏನ್ ಬಡೀತ್ರಿ?”

“ಕವಣಿ ಕಲ್ರಿ,” ಎಂದ ಖಾದರ್.

“ರಿಮೋಟ್ರಿ,” ಎಂದಳು ಭಾಗ್ಯಾ.

“ಯಾರು ಹೊಡದ್ರು?”

ಮೂವರೂ ನನ್ನ ಕಡೆ ಬೆರಳು ತೋರಿಸಿದರು. ಕಣ್ಣು ಮುಚ್ಚಿಕೊಂಡವನ ಬೆರಳೂ ನೇರ ನನ್ನೆದೆಗೇ ಬಂದಿತ್ತು!

ಡಾಕ್ಟರು ಟವೆಲ್ ತೆಗೆದರು. ಹುಬ್ಬಿನ ಎಲುಬಿನ ಮೇಲೆ ನಿಂಬೆಹಣ್ಣಿನಷ್ಟು ಬಾವು. ರೆಪ್ಪೆ ಬಿಡಿಸಿ, ಯಂತ್ರದಲ್ಲಿ ಬಹಳ ಹೊತ್ತು ನೋಡಿದರು. ನಾನು ಎದುರಿನ ಗೋಡೆಯ ಹತ್ತಿರ ನಿಂತಿದ್ದೆ. ಆಮೇಲೆ ಅವನನ್ನು ನನ್ನತ್ತ ತಿರುಗಿಸಿ ಕೇಳಿದರು: “ಎದುರಿಗಿ ಏನ್ ಕಾಣ್ತದ, ಹೇಳ್ರಿ.”

ಖಾದರ್‌ಸಾಬ್ ರೆಪ್ಪೆ ಬಡಿದ. ಒಮ್ಮೆ. ಮತ್ತೊಮ್ಮೆ. ನೀರು ಸುರಿಯಿತು. ನಾನು ಊರಿನ ಎಲ್ಲ ದೇವರಿಗೂ ದರ್ಗಾಕ್ಕೂ ಹರಕೆ ಹೊತ್ತು ಮುಗಿಸಿದೆ.

“ಒಂದು ಅಂಗಿ ಕಾಣ್ತದ್ರಿ,” ಎಂದ ಕೊನೆಗೆ. “ಎಡಗಡೆ ಬಗಲಾಗ ಹೊಲಿಗಿ ಬಿಚ್ಯಾದ. ಕಾಲರ್ ಒಳಗ ಚೀಟಿ ಅದ.” ಮುಂದಕ್ಕೆ ಬಾಗಿದ. “ಲೇ ಶರಣ್ಯಾ! ಇದು ರೆಡಿಮೇಡ್!”

ನಾನು ಈ ಎರಡು ವರ್ಷ ಅವನ ಅಂಗಡಿಯ ಕಟ್ಟೆಯ ಮೇಲೆ ಕುಳಿತು, “ಬ್ಯಾರೆಯವ್ರ ಹೊಲಿಗಿ ನನ್ನ ಮೈಗಿ ಒಗ್ಗಂಗಿಲ್ಲಪಾ, ನೀ ಹೊಲದ ಹಳೇ ಅಂಗಿನೇ ಹಾಕ್ಕೊಂಡೇನಿ,” ಎಂದು ದಿನಾಲೂ ಸಮಾಧಾನ ಹೇಳಿದ್ದೆ. ಅವನಿಗೆ ಕಾಣುತ್ತಿರಲಿಲ್ಲ.

“ಕಣ್ಣು ಉಳದದ,” ಎಂದರು ಡಾಕ್ಟರು. ಆ ಹೊತ್ತಿಗೆ ಅದನ್ನು ಹೇಳುವ ಅಗತ್ಯ ಇರಲಿಲ್ಲ.

ಈಗ ಖಾದರ್‌ಸಾಬ್ ಮತ್ತೆ ಮೆಷಿನ್ನಿನ ಮುಂದೆ ಕೂರುತ್ತಾನೆ. ನಾನು ಎದುರಿಗೆ ಹೋಗಿ ತಲೆ ಕೆರೆಯಲು ಕೈ ಎತ್ತಿದರೂ ಅವನ ಅಂಗೈ ತಾನಾಗಿ ಬಲಗಣ್ಣಿಗೆ ಹೋಗುತ್ತದೆ. ಅವನು ಅದನ್ನು ತಮಾಷೆಗೆ ಮಾಡುತ್ತಿಲ್ಲ. ನಾನು ಅವನೆದುರು ಕೈ ಕಟ್ಟಿಕೊಂಡೇ ಮಾತಾಡುತ್ತೇನೆ. ನೋಡಿದವರು ಬಲು ವಿನಯ ಎನ್ನುತ್ತಾರೆ.

ಮೇಲೆ ಬರೆದದ್ದನ್ನು ನಾನಲ್ಲದೆ ಕಣ್ಣಾರೆ ಕಂಡವರು ಮೂವರು: ನನ್ನ ಹೆಂಡತಿ ನೀಲಮ್ಮ, ಮಗಳು ಭಾಗ್ಯಾ, ಮತ್ತು ಖಾದರ್‌ಸಾಬ್, ಬಲಗಣ್ಣಿನಿಂದ. ಮೂವರೂ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ, ಕೇಳಿದವರಿಗೆಲ್ಲ ಬಿಡಿಸಿ ಹೇಳುತ್ತಿದ್ದಾರೆ. ಕೇಳದವರಿಗೂ!