ಹುಣಸೆಹಣ್ಣು ಮತ್ತು ತಿಮಿಂಗಿಲದ ಹಲ್ಲು

ನಾನು ಓದಿ ಇಂಜಿನಿಯರ್ ಆದದ್ದು ದೇಶಸೇವೆಗಲ್ಲ, ಶನಿವಾರಗಳಿಂದ ತಪ್ಪಿಸಿಕೊಳ್ಳಲಿಕ್ಕೆ. ಶನಿವಾರ ಬಂತೆಂದರೆ ಅಮ್ಮ ಹಿತ್ತಾಳೆ ದೀಪಗಳನ್ನೆಲ್ಲ ಬಾವಿಕಟ್ಟೆಯ ಮೇಲೆ ಸಾಲಾಗಿಟ್ಟು ನನ್ನ ಕೈಗೆ ಹುಣಸೆಹಣ್ಣು ಕೊಡುತ್ತಿದ್ದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಹತ್ತಿದ್ದು ಹುಳಿಯಲ್ಲಿ ನೆನೆದ ಬೆರಳುಗಳೊಡನೆ. ಈಗ ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಹಿಡಿದು ಜರ್ಮನಿಯ ರೆನ್ನಿಂಗೆನ್ನಿನಲ್ಲಿ ಸವೆತದ ಪರೀಕ್ಷೆ ಮಾಡುತ್ತೇನೆ. ಯಾವ ವಸ್ತುವನ್ನು ಎಷ್ಟು ತಿಕ್ಕಬಹುದೆಂದು ಹೇಳುವುದಕ್ಕೇ ನನಗೆ ಸಂಬಳ. ಇದು ನೆನಪಿರಲಿ.

ನಮ್ಮ ಮನೆಯ ಓನರ್, ಕೆಳಗಡೆಯೇ ಇರುವ ಹೆರ್ ಹನ್ಸೆನ್, ಉತ್ತರದ ಕಡಲತೀರದವರು. ಅವರ ಮುತ್ತಜ್ಜ ತಿಮಿಂಗಿಲ ಬೇಟೆಯ ಹಡಗಿನಲ್ಲಿದ್ದವನು. ತಿಂಗಳುಗಟ್ಟಲೆ ತಿಮಿಂಗಿಲ ಕಾಣದೆ ಬೇಸರ ಬಂದಾಗ, ನಾವು ಮೀಟಿಂಗಿನಲ್ಲಿ ಕೂತು ಪ್ಯಾಡಿನ ಮೇಲೆ ಗೀಚುವಂತೆ, ಆ ನಾವಿಕರು ಹಾಯಿ ಹೊಲಿಯುವ ಸೂಜಿಯಿಂದ ತಿಮಿಂಗಿಲದ ಹಲ್ಲಿನ ಮೇಲೆ ಚಿತ್ರ ಕೊರೆಯುತ್ತಿದ್ದರಂತೆ. ಮುತ್ತಜ್ಜ ತನ್ನ ಹಡಗನ್ನೇ ಕೊರೆದಿದ್ದ. ಅವನ ಫೋಟೋ ಇಲ್ಲ, ಸಮಾಧಿಯೂ ಇಲ್ಲ. ಉಳಿದದ್ದು ಆ ಹಲ್ಲೊಂದೇ. ತಂಗಿಯ ಮನೆಗೆ ಹೊರಟ ಹನ್ಸೆನ್ ನನಗೆ ಬೀಗದಕೈ ಕೊಟ್ಟು, ಗಿಡಗಳಿಗೆ ನೀರು ಹಾಕಿ, ಹಲ್ಲನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದರು.

ಊಟಕ್ಕೆ ಕೂತವರು ಸಾಕೆಂದ ಮೇಲೂ ಒಂದು ಸೌಟು ಬಡಿಸುವ ಜನ ನಾವು. ಗೀರುಗಳಲ್ಲೆಲ್ಲ ಕಪ್ಪು ಕೊಳೆ ಕಂಡಿತು. ಹುಣಸೆಹಣ್ಣು ತಂದು ತಿಕ್ಕಿದೆ. ಹಲ್ಲು ಫಳಫಳ ಹೊಳೆಯಿತು. ಹಡಗು ಮಾತ್ರ ಇರಲಿಲ್ಲ.

ಹೆಂಡತಿ ಸುಜಾತಾ ಹಲ್ಲನ್ನು ತಿರುಗಿಸಿ ನೋಡಿದಳು. “ಅಜ್ಜನನ್ನು ಹಡಗಿನ ಸಮೇತ ಮುಳುಗಿಸಿದ್ರಲ್ಲ ಮಾರಾಯ್ರೇ,” ಎಂದಳು.

ಇಲ್ಲಿ ಬಾಡಿಗೆ ಮನೆ ಸಿಗುವುದಕ್ಕಿಂತ ವೀಸಾ ಸಿಗುವುದು ಸುಲಭ. ಗಾಬರಿಯಿಂದ ಮೊಬೈಲಿನಲ್ಲಿ ಹುಡುಕಿದೆ. ನಾನು ಕೊಳೆಯೆಂದು ತೆಗೆದದ್ದು, ಗೀರು ಕಾಣಲೆಂದು ನಾವಿಕರೇ ತುಂಬಿದ್ದ ದೀಪದ ಮಸಿ. ಮಸಿ ಹಿಡಿಯುವುದು ನಮಗೆ ಗೊತ್ತು. ಮಗಳು ಹುಟ್ಟಿದಾಗ ಕಾಡಿಗೆ ಮಾಡಿದ್ದೆವು. ಮನೆಯೊಳಗೆ ಹೊಗೆ ಅಲಾರಂ ಕೂಗೀತೆಂದು ಬಾಲ್ಕನಿಯಲ್ಲಿ ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಬಟ್ಟಲು ಕವುಚಿ, ಹಿಡಿದ ಮಸಿಯನ್ನು ಗೀರುಗಳಿಗೆ ತೀಡಿ ಒರೆಸಿದೆವು. ಹಡಗು ಮೆಲ್ಲಗೆ ತೇಲಿ ಬಂತು.

ಹನ್ಸೆನ್ ಬಂದೊಡನೆ ಬಾಯಿಪಾಠ ಮಾಡಿಟ್ಟ ಜರ್ಮನ್ನಿನಲ್ಲಿ ಎಲ್ಲ ಒಪ್ಪಿಸಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಚುಕ್ಕಾಣಿಯ ಹತ್ತಿರ ಒಬ್ಬ ಮನುಷ್ಯ ನಿಂತಿದ್ದಾನೆ,” ಎಂದರು ಕೊನೆಗೆ. “ಇಷ್ಟು ವರ್ಷ ಇವನು ನನಗೆ ಕಂಡೇ ಇರಲಿಲ್ಲ.”

ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಮನೆ ಉಳಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ, ಅಟ್ಟದಿಂದ ಅಪ್ಪನ ಕಾಲದ ಪೆಟ್ಟಿಗೆಯೊಂದನ್ನು ಇಳಿಸಿ ತಂದರು. ಅದರ ತುಂಬ ಹಡಗಿನ ಹಿತ್ತಾಳೆ ದೀಪಗಳು, ಹಸಿರುಗಟ್ಟಿದ್ದವು. ಆ ಹುಳಿ ಹಣ್ಣು ಇವಕ್ಕೂ ಆದೀತೇ ಎಂದು ಬಹಳ ಸಂಕೋಚದಿಂದ ಕೇಳಿದರು.

ವಾರವಿಡೀ ನನಗೆ ಆಫೀಸು. ಭಾನುವಾರ ಗದ್ದಲ ಮಾಡಬಾರದೆಂಬುದು ಇಲ್ಲಿನ ಕಾನೂನು, ತಿಕ್ಕುವ ಸದ್ದೂ ಮಾಡುವಂತಿಲ್ಲ. ಉಳಿದದ್ದು ಶನಿವಾರ.